ಗರ್ಭಸ್ಥ ಜೀವವೂ ತಾಯಿಯ ಸಂಕ್ಲೇಶವೂ

ಜೀವದಯಾಷ್ಟಮಿಯ ನೋಂಪಿಯನ್ನು ನೋಂತು ಉಪವಾಸವಿದ್ದ ಶ್ರಾವಕ ಶ್ರಾವಿಕೆಯರಿಗೆ ಯಶೋಧರನ ಕಥಾಶ್ರವಣವು ಕಿವಿಗಳ ಪಾರಣೆಯಾಗಲೆಂಬ ಆಶಯವನ್ನು ಕವಿ ಜನ್ನನು ಕ್ರಿ. ಶ. ೧೨೦೯ರ ತನ್ನ ಕಾವ್ಯದಲ್ಲಿ ಇರಿಸಿದ್ದಾನೆ. ಹೊಟ್ಟೆಗೆ ಪಾರಣೆಯಾಗುವ ಮೊದಲೇ ಕಿವಿಗೆ ಪಾರಣೆಯಾಗಬೇಕು ಎಂಬುದರಲ್ಲಿ ದೊಡ್ಡ ವಿವೇಕವಿದೆ. ಆ ಕಥೆಯಲ್ಲಿ ಹಿಟ್ಟಿನ ಕೋಳಿಯನ್ನು ಕೊಂದ ಸಂಕಲ್ಪಹಿಂಸೆಯ ಫಲವಾಗಿ ತಾಯಿಯೂ ಮಗನೂ ತಿರ್ಯಂಚಗತಿಯಲ್ಲಿ ತೊಳಲುವುದನ್ನು ಎಲ್ಲರೂ ಬಲ್ಲರು. ಆದರೆ ನಡುವೆ ಬರುವ ಒಂದು ಪ್ರಸಂಗದ ಕಡೆಗೆ ಕೇಳುಗರ ಮನಸ್ಸು ಸಾಮಾನ್ಯವಾಗಿ ಹರಿಯುವುದಿಲ್ಲ. ಚಂದ್ರಮತಿಯ ಜೀವವು ಆಡಾಗಿ ಹುಟ್ಟಿ ಗರ್ಭ ಧರಿಸಿರುವಾಗ, ಯಶೋಧರನ ಜೀವವು ಅದೇ ಗರ್ಭದಲ್ಲಿ ಮರಿಯಾಗಿರುವಾಗ, ಅರಸನ ಬಾಣವು ಆ ಗಬ್ಬದ ಆಡಿಗೆ ನೆಡುತ್ತದೆ. ತಾಯಿ ಸಾಯುತ್ತದೆ, ಮರಿ ಉಳಿಯುತ್ತದೆ. ಬಾಣ ಬಿಟ್ಟ ಅರಸನ ಕಣ್ಣಿಗೆ ಅಲ್ಲಿದ್ದುದು ಒಂದು ಪಶು; ಬಾಣ ತಗುಲಿದ್ದು ಎರಡು ಪಂಚೇಂದ್ರಿಯ ಜೀವಗಳಿಗೆ.

ಈ ಎರಡನೆಯ ಜೀವದ ವಿಚಾರವನ್ನು ಕೃಷಿಯನ್ನೂ ಹೈನನ್ನೂ ನಂಬಿ ಬಾಳುವ ಶ್ರಾವಕರು ಅಗತ್ಯವಾಗಿ ಮಾಡಬೇಕಾಗಿದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ದಿಗಂಬರ ಜೈನ ಮನೆತನಗಳಲ್ಲಿ ಒಕ್ಕಲುತನದವು ಬಹಳ. ಬಸದಿಗೆ ಹೋಗುವ ದಾರಿಯಲ್ಲೇ ದನದ ಕೊಟ್ಟಿಗೆಯೂ ಇರುತ್ತದೆ.

ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯದಲ್ಲಿ ಸಂಮೂರ್ಛನ, ಗರ್ಭ, ಉಪಪಾದ ಎಂದು ಜನ್ಮವು ಮೂರು ವಿಧವಾಗಿ ನಿರೂಪಿತವಾಗಿದೆ. ಗರ್ಭಜನ್ಮದಲ್ಲಿ ಮತ್ತೆ ಜರಾಯುಜ, ಅಂಡಜ, ಪೋತ ಎಂಬ ಭೇದಗಳಿವೆ. ಮನುಷ್ಯನೂ ಆಕಳೂ ಎಮ್ಮೆಯೂ ಜರಾಯುಜಗಳೇ. ಜರಾಯುವಿನಲ್ಲಿ ಸುತ್ತಿಕೊಂಡು ತಾಯಿಯ ಆಹಾರದಿಂದ ಆಹಾರ ಪಡೆದು ಬೆಳೆಯುವ ಜೀವವೆಂಬ ದೃಷ್ಟಿಯಿಂದ ಮನೆಯ ಸೊಸೆಯ ಗರ್ಭಕ್ಕೂ ಕೊಟ್ಟಿಗೆಯ ಆಕಳ ಗರ್ಭಕ್ಕೂ ಶಾಸ್ತ್ರವು ಒಂದೇ ಹೆಸರನ್ನು ಕೊಟ್ಟಿದೆ. ಆಕಳು ಸಂಜ್ಞಿ ಪಂಚೇಂದ್ರಿಯವೂ ಹೌದು, ಮನಸ್ಸುಳ್ಳದ್ದು. ಮನಸ್ಸುಳ್ಳದ್ದಕ್ಕೆ ಭಯವುಂಟು, ಶೋಕವುಂಟು, ಸಂಕ್ಲೇಶವುಂಟು. ಇಂದಿನವರು ಒತ್ತಡವೆಂದು ಕರೆಯುವುದನ್ನು ಆಗಮದ ಮಾತಿನಲ್ಲಿ ಸಂಕ್ಲೇಶವೆಂದರೆ ಅರ್ಥವು ಕೆಡುವುದಿಲ್ಲ.

ಇಲ್ಲಿ ಶಾಸ್ತ್ರಾಭ್ಯಾಸವುಳ್ಳ ಶ್ರಾವಕನೊಬ್ಬನು ಒಂದು ಶಂಕೆಯನ್ನು ಎತ್ತಬಹುದು. ಜೀವಕ್ಕೆ ದೊರೆಯುವ ಶರೀರವು ಅದರ ನಾಮಕರ್ಮದ ಉದಯದಿಂದ. ಸುಖದುಃಖಗಳು ಅದರ ವೇದನೀಯದಿಂದ. ಹೀಗಿರುವಾಗ ತಾಯಿ ಆಕಳು ಬಿಸಿಲಲ್ಲಿ ನಿಂತರೇನು, ಹಸಿದರೇನು? ಕರುವು ತನ್ನ ಕರ್ಮದಂತೆ ಹುಟ್ಟುವುದಲ್ಲವೇ? ಈ ಮಾತು ಕೇಳಲು ಸಿದ್ಧಾಂತದಂತಿದ್ದರೂ ಇದರೊಳಗೆ ಪ್ರಮಾದವು ಅಡಗಿದೆ. ಕರ್ಮವು ಫಲ ಕೊಡುವುದು ದ್ರವ್ಯ, ಕ್ಷೇತ್ರ, ಕಾಲ, ಭಾವಗಳ ನಿಮಿತ್ತವನ್ನು ಪಡೆದು. ಬೀಜದ ಶಕ್ತಿ ಬೀಜದಲ್ಲೇ ಇದ್ದರೂ ಒಕ್ಕಲಿಗನು ಹೊಲಕ್ಕೆ ನೀರು ಬಿಡದೆ ‘ಬೀಜದ ಹಣೆಬರಹ’ ಎಂದು ಮನೆಯಲ್ಲಿ ಕೂಡುವುದಿಲ್ಲ. ಕಬ್ಬಿನ ವಿಷಯದಲ್ಲಿ ಇಲ್ಲದ ಈ ವೈರಾಗ್ಯವು ಕರುವಿನ ವಿಷಯದಲ್ಲಿ ಎಲ್ಲಿಂದ ಬಂದಿತು? ಕರುವಿನ ಕರ್ಮವು ಕರುವಿನದು. ಆದರೆ ಅದಕ್ಕೆ ಕೆಟ್ಟ ನಿಮಿತ್ತವಾದವನ ಪ್ರಮಾದವು ಅವನದೇ. ಅದರ ಬಂಧವೂ ಅವನದೇ.

ಅಹಿಂಸಾಣುವ್ರತಕ್ಕೆ ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಎಂಬ ಐದು ಅತಿಚಾರಗಳು ಹೇಳಲ್ಪಟ್ಟಿವೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿಯೂ ಸ್ವಲ್ಪ ಶಬ್ದಭೇದದಿಂದ ಇವೇ ಬರುತ್ತವೆ. ಗಮನಿಸಬೇಕಾದುದೆಂದರೆ, ಈ ಐದೂ ಬಹುಮಟ್ಟಿಗೆ ಸಾಕಿದ ಪಶುವಿಗೆ ಸಂಬಂಧಿಸಿದವು. ವ್ರತಿಯು ಕಾಡಿನ ಮೃಗವನ್ನು ಕಟ್ಟಲಾರನು, ಪಕ್ಷಿಯ ಮೇಲೆ ಭಾರ ಹೇರಲಾರನು. ಕೊಲ್ಲುವುದಿಲ್ಲವೆಂದು ವ್ರತ ಹಿಡಿದ ಗೃಹಸ್ಥನು ಎಲ್ಲಿ ಜಾರುತ್ತಾನೆಂಬುದನ್ನು ಆಚಾರ್ಯರು ಅವನ ಕೊಟ್ಟಿಗೆಯ ಬಾಗಿಲಲ್ಲೇ ನಿಂತು ನೋಡಿದಂತೆ ಈ ಪಟ್ಟಿ ಇದೆ. ಮಲಗಲಾಗದಷ್ಟು ಗಿಡ್ಡ ಹಗ್ಗದಲ್ಲಿ ಗೂಟಕ್ಕೆ ಬಿಗಿದರೆ ಬಂಧ. ದಾರಿ ಬಿಡದ ಗಬ್ಬದ ಎಮ್ಮೆಗೆ ಬಡಿಗೆಯಿಂದ ಹೊಡೆದರೆ ವಧ. ಸಮಯಕ್ಕೆ ನೀರು ತೋರಿಸದಿದ್ದರೆ ಅನ್ನಪಾನನಿರೋಧ. ಗರ್ಭಿಣಿಯ ಮೇಲೆ ನಡೆದಾಗ ಇವೆಲ್ಲವೂ ಎರಡು ಜೀವಗಳ ಮೇಲೆ ನಡೆಯುತ್ತವೆ.

ಇದು ಕೇವಲ ಅಲಂಕಾರದ ಮಾತಲ್ಲ. ಆಕಳ ಗರ್ಭಕಾಲವು ಸುಮಾರು ೨೮೦ ದಿನ. ಎಮ್ಮೆಯದು ಹತ್ತು ತಿಂಗಳ ಮೇಲೆ. ಹುಟ್ಟುವಾಗ ಕರುವಿಗೆ ಇರುವ ತೂಕದ ಬಹುಭಾಗವು ಕೊನೆಯ ಎರಡು ಮೂರು ತಿಂಗಳಲ್ಲಿ ಕೂಡುತ್ತದೆ. ನಮ್ಮ ನಾಡಿನಲ್ಲಿ ಎಮ್ಮೆಗಳು ಹೆಚ್ಚಾಗಿ ಈಯುವುದು ಮಳೆಗಾಲದಿಂದ ಚಳಿಗಾಲದವರೆಗೆ. ಆದುದರಿಂದ ಅನೇಕ ಎಮ್ಮೆಗಳ ತುಂಬು ಗಬ್ಬದ ತಿಂಗಳುಗಳು ಒಂದೋ ವೈಶಾಖ ಜ್ಯೇಷ್ಠಗಳ ಉರಿಬಿಸಿಲಿನಲ್ಲಿ ಬೀಳುತ್ತವೆ, ಇಲ್ಲವೇ ಕೃಷ್ಣೆಯ ನೆರೆಯ ಕಾಲದಲ್ಲಿ. ಅಥಣಿಯ ಬಯಲಿನಲ್ಲಿ ಬೇಸಗೆಯ ಬಿಸಿಲು ನಲವತ್ತು ಡಿಗ್ರಿ ಮುಟ್ಟುತ್ತದೆ. ಎಮ್ಮೆಯ ಚರ್ಮ ಕಪ್ಪು, ಅದರಲ್ಲಿ ಬೆವರುವ ಗ್ರಂಥಿಗಳು ಕಡಿಮೆ. ನೀರಿನಲ್ಲಿ ಬಿದ್ದುಕೊಳ್ಳುವುದೇ ಅದಕ್ಕೆ ತಂಪು. ನೀರೂ ನೆರಳೂ ಇಲ್ಲದೆ ಅದನ್ನು ಬಯಲಲ್ಲಿ ಕಟ್ಟಿದರೆ ಅದು ಏದುತ್ತ ನಿಲ್ಲುವುದನ್ನು ನೋಡದ ಒಕ್ಕಲಿಗನಿಲ್ಲ.

೨೦೧೯ರ ಆಗಸ್ಟ್‌ನಲ್ಲಿ, ಮತ್ತೆ ೨೦೨೧ರ ಜುಲೈಯಲ್ಲಿ, ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳು ದಂಡೆ ಮೀರಿ ಹರಿದಾಗ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ನದಿತೀರದ ಊರುಗಳ ಜನರು ದನಕರುಗಳೊಡನೆ ಮನೆ ಬಿಟ್ಟು ಎತ್ತರದ ಜಾಗಕ್ಕೆ ಹೋಗಬೇಕಾಯಿತು. ನೀರಿನಲ್ಲಿ ಹಾಯಿಸಿದ ಪಶು, ಟ್ರ್ಯಾಕ್ಟರಿನಲ್ಲಿ ಏರಿಸಿದ ಪಶು, ಅಪರಿಚಿತ ದನಗಳ ನಡುವೆ ರಾತ್ರಿ ಕಳೆದ ಪಶು, ಇವುಗಳಲ್ಲಿ ಗಬ್ಬದವೂ ಇದ್ದವು. ಪ್ರಾಣ ಉಳಿಸುವುದಕ್ಕೆಂದು ಮಾಡಿದ ಆ ಕಾರ್ಯದಲ್ಲಿ ಯಾರಿಗೂ ದೋಷವಿಲ್ಲ, ಅದು ದಯೆಯೇ. ನೀರು ಇಳಿದು ಮನೆಗೆ ಮರಳಿದ ಮೇಲೂ ಆ ಪಶುವಿನ ಗರ್ಭದಲ್ಲಿ ನೆರೆ ಇಳಿದಿರುವುದಿಲ್ಲ ಎಂಬುದನ್ನು ಮಾತ್ರ ತಿಳಿದಿರಬೇಕು.

ಏಕೆಂದರೆ ಭಯಗೊಂಡ, ಬಳಲಿದ ಪಶುವಿನ ದೇಹದಲ್ಲಿ ಮೂತ್ರಪಿಂಡದ ಮೇಲಿರುವ ಗ್ರಂಥಿಯಿಂದ ಕಾರ್ಟಿಸಾಲ್ ಎಂಬ ರಸವು ರಕ್ತಕ್ಕೆ ಸೇರುತ್ತದೆ. ಓಡಲು, ಹೋರಾಡಲು, ತಾಳಲು ಅದು ಬೇಕಾದುದೇ. ಗರ್ಭವನ್ನು ಸುತ್ತಿದ ಮಾಸು ಈ ರಸದ ಬಹುಭಾಗವನ್ನು ನಿಷ್ಕ್ರಿಯಗೊಳಿಸಿ ಮರಿಯನ್ನು ಕಾಯುತ್ತದೆ. ಪ್ರಕೃತಿಯು ಅಲ್ಲೊಂದು ಜರಡಿಯನ್ನು ಇಟ್ಟಿದೆ. ಸಂಕ್ಲೇಶವು ತೀವ್ರವಾಗಿ ಬಹುದಿನ ನಿಂತರೆ ಜರಡಿ ಸಾಲದಾಗುತ್ತದೆ. ಆಗ ಬೆಳೆಯುತ್ತಿರುವ ಮಿದುಳಿಗೆ ತಾಯಿಯ ಭಯದ ಸುದ್ದಿ ಮುಟ್ಟುತ್ತದೆ. ಹುಟ್ಟಿದ ಮೇಲೆ ಭಯವನ್ನು ಬೇಗ ಎಬ್ಬಿಸುವ, ತಡವಾಗಿ ಅಡಗಿಸುವ ಸ್ವಭಾವವು ಆ ಮರಿಗೆ ನೆಲೆಗೊಳ್ಳಬಹುದು. ಬಿಸಿಲಿನ ಬಾಧೆಯಲ್ಲಿ ಇನ್ನೊಂದು ಕೇಡು ಸೇರುತ್ತದೆ. ಮೈಯ ಕಾವು ಇಳಿಸಲು ರಕ್ತವು ಚರ್ಮದ ಕಡೆಗೆ ಹರಿದು ಗರ್ಭಕೋಶದ ಕಡೆಗೆ ಕಡಿಮೆಯಾಗುತ್ತದೆ; ಮಾಸು ಕುಗ್ಗುತ್ತದೆ; ದಿನ ತುಂಬುವುದಕ್ಕೆ ಕೆಲವು ದಿನ ಮೊದಲೇ ಸಣ್ಣ ಕರು ಹುಟ್ಟುತ್ತದೆ.

ಅಮೆರಿಕದ ಫ್ಲೋರಿಡಾ ವಿಶ್ವವಿದ್ಯಾಲಯದಲ್ಲಿ ಜೆಫ್ರಿ ಡಾಲ್ ಮತ್ತು ಅವರ ಸಂಗಡಿಗರು ಇದನ್ನು ಹಲವು ವರ್ಷ ಪರೀಕ್ಷಿಸಿದ್ದಾರೆ. ಅವರ ಆಕಳುಗಳು ಹೋಲ್‌ಸ್ಟೀನ್ ತಳಿಯವು, ಅಂದರೆ ಇಂದು ಈ ಭಾಗದ ಡೇರಿಗೆ ಹಾಲು ಹಾಕುವ ಮನೆಗಳಲ್ಲಿ ‘ಎಚ್.ಎಫ್.’ ಎಂದು ಕರೆಯುವ ಮಿಶ್ರತಳಿಯ ಮೂಲ. ಹಾಲು ಬತ್ತಿಸಿದ ಕೊನೆಯ ವಾರಗಳಲ್ಲಿ ಒಂದು ಗುಂಪಿಗೆ ನೆರಳಿನ ಜೊತೆಗೆ ಫ್ಯಾನೂ ನೀರಿನ ಸಿಂಪಡಣೆಯೂ ದೊರೆತವು; ಇನ್ನೊಂದು ಗುಂಪಿಗೆ ನೆರಳು ಮಾತ್ರ. ಬೇಗೆಯಲ್ಲಿ ನಿಂತ ತಾಯಂದಿರ ಕರುಗಳು ನಾಲ್ಕೈದು ಕಿಲೋ ಕಡಿಮೆ ತೂಗಿದವು. ಗಿಣ್ಣದ ಹಾಲಿನಿಂದ ರೋಗನಿರೋಧಕ ಶಕ್ತಿಯನ್ನು ಹೀರಿಕೊಳ್ಳುವ ಸಾಮರ್ಥ್ಯವೂ ಅವುಗಳಿಗೆ ಕಡಿಮೆ. ಅವೇ ಕರುಗಳು ಬೆಳೆದು ಮೊದಲ ಸಲ ಈದಾಗ ದಿನಕ್ಕೆ ಸುಮಾರು ಐದು ಕಿಲೋ ಹಾಲು ಕಡಿಮೆ ಕೊಟ್ಟವು. ಹತ್ತು ವರ್ಷಗಳ ದಾಖಲೆಗಳನ್ನು ಒಟ್ಟುಗೂಡಿಸಿ ೨೦೨೦ರಲ್ಲಿ ಪ್ರಕಟಿಸಿದ ವರದಿಯಂತೆ ಮೊಮ್ಮಗಳಿಗೂ ಈ ಹಾನಿ ತಗುಲುತ್ತದೆ. ಇದರಲ್ಲಿ ಆಶ್ಚರ್ಯವಿಲ್ಲ. ಹೆಣ್ಣು ಕರುವು ಗರ್ಭದಲ್ಲಿರುವಾಗಲೇ ಅದರ ಅಂಡಗಳು ರೂಪುಗೊಂಡಿರುತ್ತವೆ. ಗಬ್ಬದ ಒಂದು ಆಕಳು ಬಿಸಿಲಿನಲ್ಲಿ ನಿಂತರೆ ತಾಯಿ, ಮಗಳು, ಮೊಮ್ಮಗಳೆಂಬ ಮೂರು ತಲೆಮಾರು ಒಮ್ಮೆಗೇ ಬಿಸಿಲಿನಲ್ಲಿ ನಿಂತಂತೆ.

ಸಾಗಣೆಯ ವಿಚಾರವೂ ಹೀಗೆಯೇ. ಭಾರತದ ಗಿರ್, ಕಾಂಕ್ರೇಜ್, ಓಂಗೋಲ್ ದನಗಳಿಂದ ಅಮೆರಿಕದಲ್ಲಿ ಬೆಳೆಸಿದ ಬ್ರಾಹ್ಮನ್ ಎಂಬ ತಳಿಯಿದೆ. ಆ ತಳಿಯ ಗಬ್ಬದ ಆಕಳುಗಳನ್ನು ೬೦ನೆಯ ದಿನದಿಂದ ೧೪೦ನೆಯ ದಿನದೊಳಗೆ ಐದು ಬಾರಿ ವಾಹನದಲ್ಲಿ ಏರಿಸಿ ಸಾಗಿಸಿ ನೋಡಿದ ಪ್ರಯೋಗವು ೧೯೯೭ರಲ್ಲಿ ಪ್ರಕಟವಾಯಿತು. ಅವುಗಳ ಕರುಗಳನ್ನು ಮುಂದೆ ಹಿಡಿದು ಕಟ್ಟಿದಾಗ ರಕ್ತದಲ್ಲಿ ಏರಿದ ಕಾರ್ಟಿಸಾಲ್ ಬೇಗ ಇಳಿಯಲಿಲ್ಲ. ಹಾಲು ಬತ್ತಿತೆಂದು ಗಬ್ಬದ ಆಕಳನ್ನು ಸಂತೆಗೆ ಹೊಡೆಯುವ, ಅಲ್ಲಿ ಮಾರಾಟವಾಗದೆ ಮತ್ತೊಂದು ಸಂತೆಗೆ ಒಯ್ಯುವ ರೂಢಿಯುಳ್ಳವರು ಇದನ್ನು ಎರಡು ಸಲ ಓದಬೇಕು.

ಎಲ್ಲಕ್ಕಿಂತ ವಿಚಾರಯೋಗ್ಯವಾದುದು ೧೯೫೭ರ ಒಂದು ಪ್ರಯೋಗ. ಡಬ್ಲ್ಯು. ಆರ್. ಥಾಂಪ್ಸನ್ ಎಂಬ ಮನಶ್ಶಾಸ್ತ್ರಜ್ಞನು ಹೆಣ್ಣು ಇಲಿಗಳಿಗೆ ಗರ್ಭ ಧರಿಸುವ ಮೊದಲು ಒಂದು ಶಬ್ದದೊಡನೆ ವಿದ್ಯುತ್ತಿನ ಆಘಾತವನ್ನು ಕೊಟ್ಟು, ಶಬ್ದ ಕೇಳಿದರೆ ಆಘಾತ ಬರುವುದೆಂದು ಅವು ಅರಿಯುವಂತೆ ಮಾಡಿದನು. ಗರ್ಭ ಧರಿಸಿದ ಮೇಲೆ ಆಘಾತವನ್ನು ನಿಲ್ಲಿಸಿ ಶಬ್ದವನ್ನು ಮಾತ್ರ ಕೇಳಿಸಿದನು. ಮೈಗೆ ಏನೂ ತಗುಲಲಿಲ್ಲ, ಭಯವೊಂದೇ ಇತ್ತು. ಆ ತಾಯಂದಿರ ಮರಿಗಳು ಬೆಳೆದಾಗ ಇತರ ಮರಿಗಳಿಗಿಂತ ಅಂಜುಬುರುಕಾದವು. ಬಡಿಗೆ ಎತ್ತಿದರೆ ಸಾಕು, ಬಡಿಯಬೇಕಾಗಿಲ್ಲ ಎಂಬುದು ಇದರ ತಾತ್ಪರ್ಯ. ‘ಹೊಡೆಯಲಿಲ್ಲ, ಹೆದರಿಸಿದೆ ಅಷ್ಟೆ’ ಎನ್ನುವ ಮಾತು ಕೊಟ್ಟಿಗೆಗಳಲ್ಲಿ ಎಷ್ಟು ಸಾಮಾನ್ಯ!

ಇಂಥ ಪ್ರಯೋಗಗಳು ಸ್ವತಃ ಹಿಂಸೆಯಿಂದ ಕೂಡಿದವೆಂಬುದನ್ನು ಮರೆಯಲಾಗದು. ಅವನ್ನು ಅನುಮೋದಿಸುವುದು ವ್ರತಿಗೆ ಸಲ್ಲದು. ಆಗಮದ ಮಾತಿಗೆ ಇಲಿಯ ಸಾಕ್ಷಿಯೂ ಬೇಕಾಗಿಲ್ಲ. ಆದರೆ ನಡೆದುಹೋದುದರಿಂದ ತಿಳಿದುಬಂದ ಸಂಗತಿಯನ್ನು ದಯೆಯ ಕಡೆಗೆ ತಿರುಗಿಸಿಕೊಳ್ಳದೆ ಬಿಟ್ಟರೆ ಆ ಜೀವಗಳ ಬಾಧೆ ಇನ್ನೂ ವ್ಯರ್ಥವಾಗುವುದು. ಅಡವಿಯ ಪ್ರಾಣಿಗಳನ್ನು ದೂರದಿಂದ ನೋಡಿ ತಿಳಿದುದೂ ಇದೆ. ಕೆನಡಾದ ಹಿಮಪ್ರದೇಶದ ಮೊಲಗಳಲ್ಲಿ, ಬೇಟೆಯ ಮೃಗಗಳು ಹೆಚ್ಚಿದ ವರ್ಷಗಳಲ್ಲಿ ಅಂಜಿದ ತಾಯಂದಿರಿಗೆ ಮರಿಗಳು ಕಡಿಮೆ, ಹುಟ್ಟಿದವೂ ಸಣ್ಣವು. ಅದೇ ನಾಡಿನ ಕೆಂಪು ಅಳಿಲುಗಳಲ್ಲಾದರೆ ನೆರೆಹೊರೆಯ ಗದ್ದಲದಿಂದ ಸಂಕ್ಲೇಶಗೊಂಡ ತಾಯಂದಿರ ಮರಿಗಳು ಬೇಗ ಬೆಳೆದುದು ಕಂಡುಬಂದಿದೆ. ಕಠಿಣ ಲೋಕಕ್ಕೆ ಮರಿಯನ್ನು ಸಿದ್ಧಗೊಳಿಸುವ ಉಪಾಯವೂ ಪ್ರಕೃತಿಯಲ್ಲಿ ಇರಬಹುದು. ಆದುದರಿಂದ ಸಂಕ್ಲೇಶದ ಫಲ ಎಲ್ಲೆಡೆ ಒಂದೇ ಎನ್ನಲು ಬರುವುದಿಲ್ಲ. ಆದರೆ ಅಳಿಲಿಗೆ ಓಡಿಹೋಗಲು ಮರವುಂಟು; ಗೂಟಕ್ಕೆ ಕಟ್ಟಿದ ಆಕಳಿಗೆ ಹಗ್ಗದ ಉದ್ದವೇ ಲೋಕ.

ಈಗ ವ್ರತೋಪವಾಸಗಳಿಗೆ ನೇರವಾಗಿ ಸಂಬಂಧಿಸಿದ ಪ್ರಶ್ನೆ. ತನಗಾಗಲಿ, ಪರರಿಗಾಗಲಿ, ಇಬ್ಬರಿಗಾಗಲಿ ದುಃಖ, ಶೋಕ, ತಾಪ, ಆಕ್ರಂದನಗಳನ್ನು ಉಂಟುಮಾಡುವುದು ಅಸಾತಾವೇದನೀಯದ ಆಸ್ರವಕ್ಕೆ ಕಾರಣವೆಂದು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಪ್ರತಿಪಾದಿತವಾಗಿದೆ. ಹಾಗಾದರೆ ಉಪವಾಸವೂ ಕೇಶಲೋಚವೂ ದೇಹಕ್ಕೆ ದುಃಖವಲ್ಲವೇ, ಅವುಗಳಿಂದಲೂ ಅಸಾತೆಯೇ ಬಂಧವಾಗಬೇಕಲ್ಲವೇ ಎಂಬ ಆಕ್ಷೇಪವನ್ನು ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ತಾವೇ ಎತ್ತಿ ಪರಿಹರಿಸಿದ್ದಾರೆ. ಕರುಣೆಯುಳ್ಳ ವೈದ್ಯನು ಮುನಿಯ ವ್ರಣವನ್ನು ಕೊಯ್ದಾಗ ನೋವು ಉಂಟಾದರೂ ಅವನಿಗೆ ಪಾಪಬಂಧವಿಲ್ಲ. ಕ್ರೋಧಾದಿ ಕಷಾಯಗಳಿಂದ ಕೂಡಿದ ಅಂತರಂಗವೇ ಬಂಧದ ಕಾರಣ. ವಿಶುದ್ಧ ಪರಿಣಾಮದಿಂದ, ಸ್ವ ಇಚ್ಛೆಯಿಂದ ಕೈಗೊಂಡ ಅನಶನದಲ್ಲಿ ಸಂಕ್ಲೇಶವಿಲ್ಲ. ಒಡೆಯನು ಮರೆತದ್ದರಿಂದ ಹಸಿದ ಪಶುವಿನ ಅನಶನದಲ್ಲಿ ಸಂಕ್ಲೇಶವಲ್ಲದೆ ಬೇರೇನೂ ಇಲ್ಲ. ಒಂದೇ ಹಸಿವು ಮನೆಯೊಳಗೆ ತಪ, ಕೊಟ್ಟಿಗೆಯಲ್ಲಿ ಅತಿಚಾರ.

ದಶಲಕ್ಷಣಪರ್ವದ ಹತ್ತು ದಿನ, ಅಷ್ಟಾಹ್ನಿಕದ ಎಂಟು ದಿನ ಇಡೀ ಮನೆ ಬಸದಿಯಲ್ಲಿರುತ್ತದೆ. ಅಭಿಷೇಕ, ಪೂಜೆ, ಪ್ರವಚನ ಮುಗಿಸಿ ಬರುವಾಗ ಮಧ್ಯಾಹ್ನವಾಗುತ್ತದೆ. ಕಟ್ಟಿದ ಪಶುವು ಮುಂಜಾನೆಯಿಂದ ನೀರು ಕಂಡಿಲ್ಲ. ಮನೆಯವರಿಗೆ ಉಪವಾಸದ ಪುಣ್ಯ, ಪಶುವಿಗೆ ಉಪವಾಸ ಮಾತ್ರ! ಭಾದ್ರಪದದಲ್ಲಿ ಅದು ಈಯುವ ದಿನಗಳ ಎಮ್ಮೆಯಾಗಿದ್ದರೆ ಹಾನಿಯ ಲೆಕ್ಕ ದ್ವಿಗುಣ.

ಮನೆಯ ಗರ್ಭಿಣಿ ಸೊಸೆಯ ವಿಷಯದಲ್ಲಿಯೂ ಒಂದು ಮಾತು ಹೇಳದೆ ಬಿಡಲಾಗದು. ಷೋಡಶಕಾರಣ ಭಾವನೆಗಳಲ್ಲಿ ತಪಕ್ಕೆ ‘ಶಕ್ತಿಗೆ ತಕ್ಕಂತೆ’ ಎಂಬ ಕಟ್ಟಳೆಯನ್ನು ಸೇರಿಸಿಯೇ ಹೇಳಿದೆ. ನೆರೆಮನೆಯ ಸೊಸೆ ಎಂಟು ಉಪವಾಸ ಮಾಡಿದಳೆಂದು ಗರ್ಭಿಣಿಯನ್ನು ಚುಚ್ಚಿ ನುಡಿದು ಉಪವಾಸ ಹಿಡಿಸುವ ಅತ್ತೆಯು ಆ ದಿನ ತಾನು ಮಾಡಿದ ಉಪವಾಸವನ್ನೂ ಕಳೆದುಕೊಳ್ಳುತ್ತಾಳೆ. ಗರ್ಭಿಣಿಗೆ ಸ್ವಾಧ್ಯಾಯವುಂಟು, ಜಪವುಂಟು, ರಸತ್ಯಾಗದ ಸಣ್ಣ ನಿಯಮಗಳುಂಟು, ಅವು ಕೀಳಲ್ಲ.

ಚಾರಿತ್ರಚಕ್ರವರ್ತಿ ಆಚಾರ್ಯ ಶ್ರೀ ಶಾಂತಿಸಾಗರ ಮಹಾರಾಜರು (೧೮೭೨-೧೯೫೫) ದೂಧಗಂಗಾ ವೇದಗಂಗೆಯರ ಸಂಗಮದ ಭೋಜ ಗ್ರಾಮದ ಪಾಟೀಲ ಮನೆತನದವರು. ಅವರು ಗರ್ಭದಲ್ಲಿದ್ದಾಗ ತಾಯಿ ಸತ್ಯವತಿಯವರಿಗೆ ೧೦೮ ಕಮಲಗಳಿಂದ ಜಿನಪೂಜೆ ಮಾಡಬೇಕೆಂಬ ದೋಹದವು ಉಂಟಾಗಿ, ಮನೆಯವರು ಕಮಲಗಳನ್ನು ತರಿಸಿ ಅದನ್ನು ಪೂರೈಸಿದ ಪ್ರಸಂಗವು ಮಹಾರಾಜರ ಚರಿತ್ರೆಯಲ್ಲಿ ಬರುತ್ತದೆ. ತಾಯಿಯ ಮನಸ್ಸಿನ ಪ್ರಸನ್ನತೆಯು ಗರ್ಭಕ್ಕೆ ಮುಟ್ಟುವುದೆಂಬ ನಂಬಿಕೆಯಿಂದಲೇ ಹಿಂದಿನ ಮನೆಗಳು ದೋಹದವನ್ನು ಅಷ್ಟು ಆಸ್ಥೆಯಿಂದ ವಿಚಾರಿಸುತ್ತಿದ್ದವು. ಆ ಗರ್ಭದಿಂದ ಬಂದ ಸಾತಗೌಡರು ತರುಣರಾಗಿ ಹೊಲ ಕಾಯುತ್ತಿದ್ದಾಗ ತೆನೆಗೆ ಬಂದ ಹಕ್ಕಿಗಳನ್ನು ಓಡಿಸದೆ, ಅವು ಕುಡಿಯಲೆಂದು ನೀರನ್ನೂ ಇಡುತ್ತಿದ್ದರು. ಅವರ ನಾಡಿನ ಸದಲಗಾದಲ್ಲಿ ೧೯೪೬ರಲ್ಲಿ ಜನಿಸಿ ೨೦೨೪ರಲ್ಲಿ ಸಮಾಧಿಸ್ಥರಾದ ಆಚಾರ್ಯ ಶ್ರೀ ವಿದ್ಯಾಸಾಗರ ಮಹಾರಾಜರ ಪ್ರೇರಣೆಯಿಂದ ಮಧ್ಯಭಾರತದಲ್ಲಿ ಅನೇಕ ಗೋಶಾಲೆಗಳು ನಡೆದಿವೆ. ಇಂಥವರು ಹುಟ್ಟಿದ ನೆಲದಲ್ಲಿ ಪಶುವಿನ ದೋಹದವನ್ನು ಕೇಳುವವರು ಯಾರು? ಅದಕ್ಕೆ ಬೇಕಾದುದು ಕಮಲವಲ್ಲ. ನೆರಳು, ನೀರು, ಹಸಿರು ಮೇವು, ಗಟ್ಟಿ ದನಿಯಿಲ್ಲದ ಮನೆ.

ಒಮ್ಮೆ ತಪ್ಪು ನಡೆದರೆ ಎಲ್ಲವೂ ಮುಗಿಯಿತೆಂದೂ ತಿಳಿಯಬಾರದು. ಗರ್ಭದಲ್ಲಿ ಸಂಕ್ಲೇಶಕ್ಕೆ ಸಿಕ್ಕ ಇಲಿಮರಿಗಳನ್ನು ಹುಟ್ಟಿದೊಡನೆ ಬೇರೊಂದು ತಾಯಿಯ ಆರೈಕೆಗೆ ಒಪ್ಪಿಸಿದಾಗ ಅವುಗಳ ಒತ್ತಡದ ರಸವು ಬೇಗ ಇಳಿಯದಿರುವ ದೋಷವು ಸರಿಯಾದುದನ್ನು ೧೯೯೫ರಲ್ಲಿ ಮಕ್ಕಾರಿ ಮತ್ತು ಸಂಗಡಿಗರು ತೋರಿಸಿದ್ದಾರೆ. ಸತ್ತೆಯಲ್ಲಿರುವ ಕರ್ಮಕ್ಕೆ ಅಪಕರ್ಷಣ, ಸಂಕ್ರಮಣಗಳುಂಟೆಂದು ಓದಿದವರಿಗೆ ಇದು ಹೊಸತೆನಿಸದು. ನೆರೆಯಿಂದಲೋ ಬರದಿಂದಲೋ ಬಳಲಿದ ಆಕಳು ಈದರೆ ಆ ಕರುವಿಗೆ ಇತರ ಕರುಗಳಿಗಿಂತ ಹೆಚ್ಚಿನ ಆರೈಕೆ ಬೇಕು. ಆಕಳ ರೋಗನಿರೋಧಕ ಶಕ್ತಿಯು ಮಾಸಿನ ಮೂಲಕ ಕರುವಿಗೆ ಇಳಿಯುವುದಿಲ್ಲ; ಹುಟ್ಟಿದ ಮೊದಲ ಕೆಲವು ಗಂಟೆಗಳಲ್ಲಿ ಕುಡಿದ ಗಿಣ್ಣದ ಹಾಲಿನಿಂದಲೇ ಬರಬೇಕು. ಆಕಳು ಈದ ಮೇಲೆ ಹತ್ತು ದಿನ, ಎಮ್ಮೆ ಈದ ಮೇಲೆ ಹದಿನೈದು ದಿನ ಅದರ ಹಾಲನ್ನು ಮನೆಯ ಬಳಕೆಗೆ ತೆಗೆದುಕೊಳ್ಳದ ಶ್ರಾವಕರ ರೂಢಿಯು ಈ ದೃಷ್ಟಿಯಿಂದಲೂ ಎಷ್ಟು ಒಳ್ಳೆಯದು! ಆದರೆ ತಾನು ಮುಟ್ಟದ ಗಿಣ್ಣವನ್ನು ಪೇಟೆಗೆ ಮಾರಿದರೆ ರೂಢಿ ಉಳಿಯಿತು, ಕರು ಕೆಟ್ಟಿತು.

ಬರುವ ಜೀವದಯಾಷ್ಟಮಿಯಂದು ಉಪವಾಸದೊಡನೆ ಒಂದು ನಿಯಮವನ್ನೂ ಬಸದಿಯಲ್ಲಿ ಸ್ವೀಕರಿಸಬಹುದು. ಅದು ಒಂದು ವರ್ಷದ್ದಾದರೆ ಸಾಕು. ಗಬ್ಬದ ಕೊನೆಯ ಮೂರು ತಿಂಗಳಲ್ಲಿ ಆಕಳನ್ನಾಗಲಿ ಎಮ್ಮೆಯನ್ನಾಗಲಿ ಸಂತೆಗೆ ಹೊಡೆಯುವುದಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ಕಟ್ಟುವುದಿಲ್ಲ. ಕಬ್ಬಿನ ರವದಿಯ ಚಪ್ಪರವಾದರೂ ಮೇಲಿರುತ್ತದೆ. ಈಯುವ ಎರಡು ತಿಂಗಳ ಮೊದಲು ಹಾಲು ಹಿಂಡುವುದನ್ನು ನಿಲ್ಲಿಸುತ್ತದೆ ಮನೆ. ಕಬ್ಬಿನ ಹಂಗಾಮಿನಲ್ಲಿ ಬರಿಯ ಸೋಗೆಯನ್ನೇ ಹಾಕುವುದಿಲ್ಲ. ಸೋಗೆಯಲ್ಲಿರುವ ಆಕ್ಸಲೇಟ್ ದೇಹದ ಸುಣ್ಣದ ಅಂಶವನ್ನು ಹಿಡಿದುಬಿಡುವುದರಿಂದ ಜೊತೆಗೆ ಕಣಿಕೆ, ಹಿಂಡಿ, ಖನಿಜದ ಪುಡಿ ಇರುತ್ತವೆ. ಮಕ್ಕಳು ಕೊಟ್ಟಿಗೆಯಲ್ಲಿ ಪಟಾಕಿ ಹಾರಿಸುವುದಿಲ್ಲ. ಹುಟ್ಟಿದ್ದು ಹೋರಿಗರುವಾದರೂ ಗಿಣ್ಣ ಮೊದಲು ಅದಕ್ಕೇ. ಈ ಕೊನೆಯ ಕಲಮನ್ನು ಒಪ್ಪಿಕೊಳ್ಳುವುದು ಉಳಿದವುಗಳಿಗಿಂತ ಕಷ್ಟವೆಂದು ಹಲವರಿಗೆ ಅನಿಸಬಹುದು; ಅಂಥವರು ಉಳಿದವುಗಳಿಂದಲೇ ಆರಂಭಿಸಲಿ.

ಚತುರ್ವಿಧ ದಾನಗಳಲ್ಲಿ ಅಭಯದಾನವನ್ನು ಹಣವುಳ್ಳವನ ಕಾರ್ಯವೆಂದು ತಿಳಿದವರುಂಟು. ಜನ್ನನ ಕಥೆಯಲ್ಲಿ ಅಷ್ಟು ಜನ್ಮಗಳ ಭಯವನ್ನು ಉಂಡ ಆ ಎರಡು ಜೀವಗಳು ಕಡೆಗೆ ಮನುಷ್ಯಗರ್ಭದಲ್ಲಿ ಅವಳಿಗಳಾಗಿ ಹುಟ್ಟಿ ಪಡೆದ ಹೆಸರುಗಳು ಅಭಯರುಚಿ, ಅಭಯಮತಿ. ಪಾರಣೆಯ ಮುಂಜಾನೆ ಆ ಹೆಸರುಗಳನ್ನು ಕೇಳಿ ಎದ್ದ ಶ್ರಾವಿಕೆಯು ತಾನು ನೀರು ಮುಟ್ಟುವ ಮೊದಲು ಸೋಸಿದ ನೀರಿನ ಕೊಡವನ್ನು ಹೊತ್ತು ಹಿತ್ತಲಿಗೆ ಹೋದರೆ, ಗಬ್ಬದ ಆಕಳು ಅವಳ ಹೆಜ್ಜೆಯ ಸಪ್ಪಳಕ್ಕೆ ಬೆಚ್ಚುತ್ತದೆಯೋ, ಗೋದಲಿಯ ಕಡೆಗೆ ಮುಖ ತಿರುಗಿಸುತ್ತದೆಯೋ ಎಂಬುದು ಆಗಲೇ ಕಾಣಸಿಗುತ್ತದೆ.